ನೊಣದ ನರ ಮತ್ತು ಉಲ್ಲೇಖಗಳ ಲೆಕ್ಕ

ಬೆನ್ನೆಲುಬಿಲ್ಲದ ಜೀವಿಗಳ ನರಮಂಡಲವನ್ನು ಜೀವಮಾನವಿಡೀ ಅಭ್ಯಸಿಸುವುದರಿಂದ ಬೇಸಾಯಗಾರನಿಗೆ ಆಗುವುದೇನು ಎಂಬ ಪ್ರಶ್ನೆ ಶಿಕಾರಿಪುರ, ಸೊರಬದಂಥ ತಾಲ್ಲೂಕುಗಳಲ್ಲಿ ಸಹಜವಾಗಿಯೇ ಏಳುತ್ತದೆ. 2018ರ ಮೇ ತಿಂಗಳಲ್ಲಿ ದೇಶದಲ್ಲೇ ಮೊದಲು ಶಿವಮೊಗ್ಗ ಜಿಲ್ಲೆಯ ಮೆಕ್ಕೆಜೋಳದಲ್ಲಿ ಪತ್ತೆಯಾದ ಫಾಲ್ ಸೈನಿಕ ಹುಳು ಸುಳಿಯೊಳಗೆ ಅಡಗಿ ಎಲೆ ಮೇಯುತ್ತ, ಒದ್ದೆ ಹಿಕ್ಕೆಯನ್ನು ಅಲ್ಲೇ ತುಂಬುತ್ತದೆ. ಆ ಸುಳಿಗೆ ರೈತರು ಹೊಡೆಯುವ ಇಮಾಮೆಕ್ಟಿನ್ ಬೆಂಜೊಯೇಟ್ ಹುಳುವಿನ ನರ, ಸ್ನಾಯುಗಳನ್ನು ಜಡಗೊಳಿಸುವ ಔಷಧವಾದರೆ, ಸೈಪರ್‌ಮೆಥ್ರಿನ್‌ನಂಥ ಪೈರೆಥ್ರಾಯ್ಡ್‌ಗಳು ಕೊಲ್ಲುವುದೂ ನರದ ಮೂಲಕವೇ. ಕೀಟದ ನರ ಕೆಲಸ ಮಾಡುವ ಬಗೆಯನ್ನು ಬಿಡಿಸಿ ತೋರಿದವರಲ್ಲಿ, ಬೆಂಗಳೂರನ್ನು ಕರ್ಮಭೂಮಿಯಾಗಿಸಿಕೊಂಡ ಒಬೈದ್ ಸಿದ್ದಿಖಿ ಪ್ರಮುಖರು.

1932ರಲ್ಲಿ ಉತ್ತರ ಪ್ರದೇಶದ ಬಸ್ತಿಯಲ್ಲಿ ಹುಟ್ಟಿ, ಅಲಿಗಢದಲ್ಲಿ ಓದಿ, ಗ್ಲಾಸ್ಗೋದಲ್ಲಿ ಪಾಂಟೆಕೋರ್ವೋ ಅವರ ಬಳಿ ತಳಿವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಸಿದ್ದಿಖಿಯವರು, 1962ರಲ್ಲಿ ಹೋಮಿ ಭಾಭಾ ಅವರ ಆಹ್ವಾನದ ಮೇಲೆ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅಣುಜೀವವಿಜ್ಞಾನ ವಿಭಾಗವನ್ನು ಕಟ್ಟಿದರು. ಬ್ಯಾಕ್ಟೀರಿಯಾಗಳ ಅಧ್ಯಯನದಲ್ಲಿ ಹೆಸರು ಮಾಡಿದ್ದ ಅವರು 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸೀಮೋರ್ ಬೆಂಜರ್ ಅವರೊಡನೆ ಹಣ್ಣಿನ ನೊಣದತ್ತ, ಎಂದರೆ ಕೊಳೆತ ಬಾಳೆಹಣ್ಣಿನ ಮೇಲೆ ಮುತ್ತುವ ಡ್ರೊಸೊಫಿಲಾದತ್ತ ಹೊರಳಿದರು.

ಅವರು ಹಿಡಿದ ವಿಧಾನವನ್ನು ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯ ಮೂಲಕ ತಿಳಿಯಬಹುದು. ಪೆಟ್ಟಿಗೆಯ ನಕ್ಷೆ ಕೈಯಲ್ಲಿಲ್ಲದ ಮೆಕ್ಯಾನಿಕ್ ಒಂದೊಂದೇ ತಂತಿಯನ್ನು ಬಿಚ್ಚಿ, ಮೋಟಾರು ನಿಂತಿತೋ, ಗುಂಯ್‌ಗುಟ್ಟಿತೋ ಎಂದು ನೋಡಿ, ಯಾವ ತಂತಿಯ ಕೆಲಸ ಯಾವುದು ಎಂದು ಗುರುತಿಸುತ್ತಾನೆ; ತಳಿವಿಜ್ಞಾನಿ ತಂತಿಯ ಬದಲು ಒಂದು ಜೀನನ್ನು ಕೆಡಿಸಿ, ಹಾಗೆ ಕೆಟ್ಟ ಜೀನುಳ್ಳ ರೂಪಾಂತರಿ ನೊಣದಲ್ಲಿ ಯಾವ ನಡವಳಿಕೆ ತಪ್ಪಿತು ಎಂದು ನೋಡುತ್ತಾನೆ. ಸಾಮಾನ್ಯ ತಾಪದಲ್ಲಿ ಚೆನ್ನಾಗಿಯೇ ಓಡಾಡಿ, ಬಿಸಿ ಏರಿದೊಡನೆ ಬಿದ್ದುಬಿಡುವ, ತಂಪಾದರೆ ಮತ್ತೆ ಏಳುವ ಇಂಥ ನೊಣಗಳ ನರಸಂಕೇತಗಳನ್ನು ಅಳೆದು ಸಿದ್ದಿಖಿ ಮತ್ತು ಬೆಂಜರ್ 1976ರಲ್ಲಿ ಪ್ರಬಂಧ ಪ್ರಕಟಿಸಿದರು. ಅದರಲ್ಲಿದ್ದ 'ಪ್ಯಾರಾ' ಎಂಬ ಜೀನು ನರತಂತುವಿನ ಸೋಡಿಯಂ ನಾಲೆಯನ್ನು, ಅಂದರೆ ವಿದ್ಯುತ್ ಸಂಕೇತವನ್ನು ಮುಂದೊಯ್ಯುವ ಪ್ರೋಟೀನ್ ದ್ವಾರವನ್ನು ರೂಪಿಸುತ್ತದೆಂದು 1989ರಲ್ಲಿ ಬೇರೆಯವರು ತೋರಿಸಿದರು. ಪೈರೆಥ್ರಾಯ್ಡ್‌ಗಳು ಮುಚ್ಚಗೊಡದೆ ತೆರೆದಿಡುವುದು ಇದನ್ನೇ, ಔಷಧಕ್ಕೆ ಬಗ್ಗದ ಅನೇಕ ಕೀಟಗಳಲ್ಲಿ ಮಾರ್ಪಾಡಾಗಿರುವುದೂ ಇದೇ. ಸಿದ್ದಿಖಿ ಮತ್ತು ಬೆಂಜರ್ ಹುಡುಕಿದ 'ಕೋಮಟೋಸ್' ಜೀನು ತಯಾರಿಸುವುದು ಎನ್‌ಎಸ್‌ಎಫ್ ಎಂಬ ಪ್ರೋಟೀನನ್ನೆಂದು 1990ರ ದಶಕದಲ್ಲಿ ಗೊತ್ತಾಯಿತು. ಪ್ರಾಣಿಕೋಶಗಳಲ್ಲಿ ಇದೇ ಪ್ರೋಟೀನನ್ನು ಶೋಧಿಸಿದ ಜೇಮ್ಸ್ ರಾತ್‌ಮನ್ 2013ರ ನೊಬೆಲ್ ಹಂಚಿಕೊಂಡವರಲ್ಲಿ ಒಬ್ಬರು.

ವೆರೋನಿಕಾ ರಾಡ್ರಿಗ್ಸ್ ಎಂಬ ಶಿಷ್ಯೆಯೊಡನೆ ಸಿದ್ದಿಖಿಯವರು ವಾಸನೆ, ರುಚಿಗಳನ್ನು ಗ್ರಹಿಸಲಾರದ ರೂಪಾಂತರಿ ನೊಣಗಳನ್ನು ಆರಿಸಿ ತೆಗೆದು, 1978ರಲ್ಲಿ ಆ ಕೆಲಸವನ್ನು ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ನೊಣದ ಗಂಧಗ್ರಾಹಕ ಜೀನುಗಳು ಕೈಗೆ ಸಿಕ್ಕಿದ್ದು 1999ರಲ್ಲಿ, ಅಂದರೆ ಇಪ್ಪತ್ತೊಂದು ವರ್ಷಗಳ ತರುವಾಯ. ಸಣ್ಣ ಜೀವಿಯ ಘ್ರಾಣಶಕ್ತಿ ಎಷ್ಟು ಗಂಭೀರ ವಿಷಯವೆಂಬುದು ಸೊರಬ ತಾಲ್ಲೂಕಿಗೆ ತಿಳಿಯದ್ದೇನಲ್ಲ. 1957ರಲ್ಲಿ ಮಂಗನ ಕಾಯಿಲೆ ಗುರುತಾದದ್ದು ಅಲ್ಲಿನ ಕ್ಯಾಸನೂರು ಕಾಡಿನಲ್ಲಿ, ಮತ್ತು ಅದನ್ನು ಹರಡುವ ಉಣ್ಣೆಗೆ ಕೀಟಗಳಿಗಿರುವ ಕುಡಿಮೀಸೆಯೇ ಇಲ್ಲದ ಕಾರಣ ಅದು ಮುಂಗಾಲಿನ ತುದಿಯಲ್ಲಿರುವ ಹಾಲರ್ ಅಂಗದಿಂದ ಆತಿಥೇಯ ಪ್ರಾಣಿಯ ಉಸಿರನ್ನೂ ಮೈವಾಸನೆಯನ್ನೂ ಹಿಡಿಯುತ್ತದೆ.

ಸಿದ್ದಿಖಿಯವರಂಥ ವಿಜ್ಞಾನಿಯ ಬಾಳಿನ ಬೆಲೆಯನ್ನು ಈಗ ಉಲ್ಲೇಖ ಸಂಖ್ಯೆಯಿಂದ, ಎಂದರೆ ಒಂದು ಪ್ರಬಂಧವನ್ನು ಇತರರು ಎಷ್ಟು ಸಲ ಆಧಾರವಾಗಿ ಹೆಸರಿಸಿದರೆಂಬ ಎಣಿಕೆಯಿಂದ ಅಳೆಯುವ ರೂಢಿ ಬಂದಿದೆ. 2005ರಲ್ಲಿ ಹೋರ್ಹೆ ಹಿರ್ಷ್ ಸೂಚಿಸಿದ ಎಚ್-ಸೂಚ್ಯಂಕದ ಪ್ರಕಾರ, ಕನಿಷ್ಠ ಇಪ್ಪತ್ತು ಸಲ ಉಲ್ಲೇಖಗೊಂಡ ಇಪ್ಪತ್ತು ಪ್ರಬಂಧಗಳಿದ್ದವರ ಅಂಕ ಇಪ್ಪತ್ತು. ಆದರೆ ಜೀನೊಂದರ ಹೆಸರು ಪಠ್ಯಪುಸ್ತಕ ಸೇರಿದ ಮೇಲೆ ಮೂಲ ಪ್ರಬಂಧವನ್ನು ಹೆಸರಿಸುವವರು ಕಡಿಮೆಯಾಗುತ್ತಾರೆ. 1990ರ ದಶಕದ ಆರಂಭದಲ್ಲಿ ಸಿದ್ದಿಖಿಯವರು ಬೆಂಗಳೂರಿನಲ್ಲಿ ಕಟ್ಟಿದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಾಗಲಿ, ಅಲ್ಲಿ ಬೆಳೆದ ಸಂಶೋಧಕರ ತಲೆಮಾರುಗಳಾಗಲಿ ಆ ಎಣಿಕೆಯೊಳಗೆ ಬರುವುದೇ ಇಲ್ಲ. 2013ರಲ್ಲಿ ತೀರಿಕೊಂಡ ಅವರ ಕೆಲಸವನ್ನು ತೂಗಬೇಕಾದ್ದು, ಅವರೆತ್ತಿದ ಪ್ರಶ್ನೆಗಳು ಎಷ್ಟು ದಶಕಗಳ ಕಾಲ ಇತರರ ಕೈಯಲ್ಲಿ ಉತ್ತರ ಪಡೆಯುತ್ತ ಬಂದವು ಎಂಬುದರಿಂದ. ಉಲ್ಲೇಖಗಳ ಲೆಕ್ಕ ಅದಕ್ಕೆ ಪೂರಕ ಸಾಕ್ಷಿಯಷ್ಟೇ, ತೀರ್ಪಲ್ಲ.