ನಾದಿದಷ್ಟೂ ಕೆಡುವ ಬ್ರೆಡ್

ಐರ್ಲೆಂಡಿನ ಸೋಡಾ ಬ್ರೆಡ್‌ಗೆ ಬೇಕಾದುದು ನಾಲ್ಕೇ ಸಾಮಗ್ರಿ: ಹಿಟ್ಟು, ಉಪ್ಪು, ಅಡುಗೆ ಸೋಡಾ, ಹುಳಿ ಮಜ್ಜಿಗೆ. ಇಷ್ಟು ಸುಲಭದ ಬ್ರೆಡ್ ಮನೆಯಲ್ಲಿ ಎಷ್ಟೋ ಸಲ ಗಟ್ಟಿಯಾಗಿಬಿಡುತ್ತದೆ. ಯೀಸ್ಟ್ ಬ್ರೆಡ್ಡಿನ ನಿಯಮಗಳನ್ನೇ ಇದಕ್ಕೂ ಅನ್ವಯಿಸುವುದು ಇದರ ಮುಖ್ಯ ಕಾರಣ. ಚೆನ್ನಾಗಿ ನಾದಬೇಕು, ಉಬ್ಬುವವರೆಗೆ ಮುಚ್ಚಿಡಬೇಕು ಎಂಬ ಎರಡು ನಂಬಿಕೆಗಳೂ ಅಲ್ಲಿಂದಲೇ ಬಂದವು. ಯೀಸ್ಟ್ ಗಂಟೆಗಟ್ಟಲೆ ನಿಧಾನವಾಗಿ ಅನಿಲ ಬಿಡುತ್ತದೆ. ಅದನ್ನು ಹಿಡಿದಿಡಲು ನಾದಿ ಬಲಪಡಿಸಿದ ಗ್ಲುಟೆನ್, ಅಂದರೆ ಹಿಟ್ಟಿನ ಪ್ರೋಟೀನ್ ಜಾಲ, ಬೇಕು. ಸೋಡಾಕ್ಕೆ ಅಷ್ಟು ತಾಳ್ಮೆಯಿಲ್ಲ. ಮಜ್ಜಿಗೆಯ ಲ್ಯಾಕ್ಟಿಕ್ ಆಮ್ಲ ತಾಗಿದೊಡನೆ ಕಾರ್ಬನ್ ಡೈಆಕ್ಸೈಡ್ ಹೊಮ್ಮತೊಡಗುತ್ತದೆ. ಮುಚ್ಚಿಟ್ಟರೆ ಅದು ಒಲೆ ಸೇರುವ ಮೊದಲೇ ಹಾರಿಹೋಗುತ್ತದೆ, ನಾದಿದರೆ ಹಿಟ್ಟು ಬಿಗಿದು ರಬ್ಬರಿನಂತಾಗುತ್ತದೆ. ಐರ್ಲೆಂಡಿನ ತಂಪು ಹವೆಯ ಗೋಧಿ ಮೆದು, ಅದರಲ್ಲಿ ಪ್ರೋಟೀನ್ ಕಡಿಮೆ. ಆದ್ದರಿಂದಲೇ ಸೋಡಾ ಅದಕ್ಕೆ ಚೆನ್ನಾಗಿ ಹೊಂದಿತು.

ಇಲ್ಲೊಂದು ಆಕ್ಷೇಪ ಏಳಬಹುದು: ಮಂಗಳೂರು ಬನ್ಸ್‌ಗೂ ಮೊಸರು, ಸೋಡಾ ಹಾಕುತ್ತೇವೆ, ಅದನ್ನು ನಾದಿ ಗಂಟೆಗಟ್ಟಲೆ ಇಟ್ಟರೂ ಉಬ್ಬುವುದಿಲ್ಲವೇ? ಉಬ್ಬುತ್ತದೆ. ಆದರೆ ಬನ್ಸ್ ಲಟ್ಟಿಸಿ ಕರಿಯುವ ತಿಂಡಿ. ಕಾದ ಎಣ್ಣೆಯಲ್ಲಿ ಒಳಗಿನ ತೇವ ಆವಿಯಾಗಿ ಅದನ್ನು ಪೂರಿಯಂತೆ ಎತ್ತುತ್ತದೆ. ಮುಷ್ಟಿ ದಪ್ಪದ ಬ್ರೆಡ್ಡಿಗೆ ಆ ಅನುಕೂಲವಿಲ್ಲ, ಅದು ಬಹುಪಾಲು ಸೋಡಾದ ಅನಿಲವನ್ನೇ ನಂಬಿದೆ. ಹಾಗೆಂದು ಸೋಡಾ ಹೆಚ್ಚಿಸಿದರೆ ಹೆಚ್ಚು ಉಬ್ಬುತ್ತದೆ ಎಂಬುದೂ ತಪ್ಪು. ಹುಳಿಯೊಡನೆ ಬೆರೆಯದೆ ಉಳಿದ ಸೋಡಾ ಸಾಬೂನಿನ ರುಚಿ ಕೊಟ್ಟು, ಒಳಭಾಗವನ್ನು ಹಳದಿಯಾಗಿಸುತ್ತದೆ. 450 ಗ್ರಾಂ ಹಿಟ್ಟಿಗೆ 1 ಟೀ ಚಮಚ ಸೋಡಾ, 350ರಿಂದ 400 ಮಿ.ಲೀ. ಮಜ್ಜಿಗೆ ಸಾಕು. ನಾವು ಕುಡಿಯುವ ನೀರು ಮಜ್ಜಿಗೆಯಲ್ಲಿ ಹುಳಿ ಸಾಲದು. ಹುಳಿ ಮೊಸರನ್ನೇ ಸ್ವಲ್ಪ ತೆಳುಮಾಡಿ ಬಳಸಬೇಕು.

ಇದು ಸಾವಿರಾರು ವರ್ಷ ಹಳೆಯ ಬ್ರೆಡ್ ಎಂಬ ಮಾತೂ ನಿಲ್ಲುವುದಿಲ್ಲ. ಅಡುಗೆ ಸೋಡಾ ಐರ್ಲೆಂಡಿನ ಮನೆಗಳಿಗೆ ಬಂದದ್ದೇ 19ನೇ ಶತಮಾನದಲ್ಲಿ, 1830ರ ದಶಕದಿಂದೀಚೆಗೆ. ಬೇಗ ಹರಡಲು ಕಾರಣವೂ ಸ್ಪಷ್ಟ: ಎಷ್ಟೋ ಹಳ್ಳಿಮನೆಗಳಲ್ಲಿ ಓವನ್ ಇರಲಿಲ್ಲ, ಈ ಬ್ರೆಡ್ಡಿಗೆ ಅದು ಬೇಕೂ ಇರಲಿಲ್ಲ. ಬ್ಯಾಸ್ಟಿಬಲ್ ಎಂಬ ಕಬ್ಬಿಣದ ಪಾತ್ರೆಯಲ್ಲಿ ಹಿಟ್ಟಿಟ್ಟು, ಮುಚ್ಚಳದ ಮೇಲೂ ಪೀಟ್ ಎಂಬ ಜೌಗುಮಣ್ಣಿನ ಕೆಂಡ ಹರಡಿ ಬೇಯಿಸುತ್ತಿದ್ದರು. ಉತ್ತರ ಭಾಗದಲ್ಲಿ ನಾಲ್ಕು ತುಂಡು ಮಾಡಿ ಹೆಂಚಿನ ಮೇಲೆ ಸುಡುತ್ತಿದ್ದರು. ಒಣದ್ರಾಕ್ಷಿ, ಸಕ್ಕರೆ ಇಲ್ಲದಿದ್ದರೆ ಅದು ಐರಿಷ್ ಅಲ್ಲ ಎನ್ನುವವರೂ ಇದ್ದಾರೆ. ದ್ರಾಕ್ಷಿಯ ಬ್ರೆಡ್ ಅಲ್ಲಿಯೂ ಉಂಟು, ಆದರೆ ಅದು ವಿಶೇಷ ದಿನದ್ದು. ಬೆಣ್ಣೆ, ಮೊಟ್ಟೆ, ಸಕ್ಕರೆ ತುಂಬಿದ ರೂಪ ಬೆಳೆದದ್ದು ಅಮೆರಿಕದಲ್ಲಿ. ಮೇಲಿನ ಶಿಲುಬೆಯಾಕಾರದ ಗೆರೆ ಯಕ್ಷಿಣಿಯರನ್ನು ಹೊರಬಿಡಲು ಎಂಬ ನಂಬಿಕೆಯನ್ನು ಯಾರೂ ಪರೀಕ್ಷಿಸಲಾರರು. ಆದರೆ ಆಳವಾದ ಆ ಗೆರೆಯಿಂದ ಶಾಖ ನಡುಭಾಗಕ್ಕೆ ಬೇಗ ತಲುಪುತ್ತದೆ ಎಂಬುದು ನಿಜ; ಗೆರೆ ಎಳೆಯದಿದ್ದರೆ ಮಧ್ಯ ಹಸಿಯಾಗಿಯೇ ಉಳಿಯಬಹುದು.

ಹಾಗಾಗಿ ಓವನ್ ಮೊದಲು ಕಾಯಲಿ, ಆಮೇಲೆ ಹಿಟ್ಟಿಗೆ ಮಜ್ಜಿಗೆ ಬೀಳಲಿ. ಒಂದೇ ಕೈಯಲ್ಲಿ ಬೇಗ ಕಲಸಿ, ಉಂಡೆ ಒರಟಾಗಿದ್ದರೂ ಹಾಗೇ ಬಿಡಿ. 230 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ನಿಮಿಷ, 200ಕ್ಕೆ ಇಳಿಸಿ ಇನ್ನರ್ಧ ಗಂಟೆ ಬೇಯಿಸಿ. ತಳ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಬೆಂದಿದೆ. ಮರುದಿನಕ್ಕೆ ಒಣಗುವುದು ಈ ಬ್ರೆಡ್ಡಿನ ಸ್ವಭಾವ. ಮಾಡಿದ ದಿನವೇ ತಿಂದು ಮುಗಿಸಿ.