ಗಾಯವನ್ನು ಸೂಚಿಸುವ ಇಂಗ್ಲಿಷ್ ಶಬ್ದಗಳು

ದೇಹಕ್ಕೆ ತಗಲುವ ಪೆಟ್ಟುಗಳನ್ನು ತಿಳಿಸತಕ್ಕ ಇಂಗ್ಲಿಷ್ ಶಬ್ದಗಳು ಹಲವುಂಟು. ಕನ್ನಡದ ‘ಗಾಯ’ ಎಂಬ ಪದಕ್ಕೆ ಪ್ರತಿಯಾಗಿ ಅವುಗಳಲ್ಲಿ ತೋಚಿದ್ದೊಂದನ್ನು ಬರೆದುಬಿಡುವದು ನಮ್ಮ ಬಾಲಕಿಯರಲ್ಲಿ ಸಾಮಾನ್ಯ.

‘ವೂಂಡ್’ ಎಂಬದು ಮುಖ್ಯವಾಗಿ ಚರ್ಮವು ಕೊಯ್ದು ಇಲ್ಲವೆ ಹರಿದು ಆದ ಗಾಯ. ಯುದ್ಧದಲ್ಲಿ ಆಯುಧದ ಏಟು ತಿಂದ ಸೈನಿಕನು ‘ವೂಂಡೆಡ್’. ರೈಲು ಅಪಘಾತದಲ್ಲಿ ಪೆಟ್ಟಾದ ಪ್ರಯಾಣಿಕನು ‘ಇಂಜರ್ಡ್’. ‘ಇಂಜುರಿ’ ಎಂಬದು ಅನ್ಯಾಯವೆಂಬ ಅರ್ಥವುಳ್ಳ ಲ್ಯಾಟಿನ್ ಶಬ್ದದಿಂದ ಹುಟ್ಟಿದ್ದು. ದೇಹ, ಮನಸ್ಸು, ಕೀರ್ತಿ, ಸ್ವತ್ತು ಇವುಗಳಿಗೆ ಅಕ್ರಮವಾಗಿ ಮಾಡಿದ ಯಾವ ಹಾನಿಯನ್ನಾದರೂ 1860ರ ಇಂಡಿಯನ್ ಪೀನಲ್ ಕೋಡು ಇದೇ ಹೆಸರಿನಿಂದ ಕರೆಯಿತು. 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಹಾಗೆಯೇ ಕರೆಯುತ್ತದೆ. ‘ಹರ್ಟ್’ ನೋವನ್ನು ಸೂಚಿಸುವದು, ಮನೋವ್ಯಥೆಗೂ ಸಲ್ಲುವದು.

ಚರ್ಮವು ಒಡೆಯದೆ ಒಳಗೆ ರಕ್ತವು ಸೋರಿ ಕಂದಿದರೆ ಅದು ‘ಬ್ರೂಸ್’. ಕೀಲಿನಲ್ಲಿ ಎಲುಬುಗಳನ್ನು ಬಂಧಿಸಿರುವ ತಂತುಗಳು ಅತಿಯಾಗಿ ಎಳೆದುಕೊಂಡರೆ ಅಥವಾ ಹರಿದರೆ ‘ಸ್ಪ್ರೇನ್’. ಮಾಂಸಖಂಡಕ್ಕೆ ಹಾಗಾದರೆ ‘ಸ್ಟ್ರೇನ್’. ನಾವು ಎರಡನ್ನೂ ಉಳುಕೆನ್ನುವೆವು.

ಈ ಭೇದವು ಪರೀಕ್ಷೆಯ ಗುಣಗಳಿಗಾಗಿ ಮಾತ್ರ ಕಲಿಯತಕ್ಕದ್ದಲ್ಲ. ‘ವೂಂಡ್’ ಎಂದು ಕೇಳಿದ ವೈದ್ಯರು ಗಾಯವನ್ನು ತೊಳೆಯುವದನ್ನೂ ಧನುರ್ವಾಯುವಿನ ಚುಚ್ಚುಮದ್ದನ್ನೂ ಯೋಚಿಸುವರು. ‘ಸ್ಪ್ರೇನ್’ ಎಂದರೆ ವಿಶ್ರಾಂತಿಯನ್ನೂ ತಣ್ಣನೆಯ ಪಟ್ಟಿಯನ್ನೂ ಹೇಳುವರು. ರೋಗಿಯನ್ನು ಕಾಣದೆ ದೂರದಲ್ಲಿರುವ ವೈದ್ಯರಿಗೆ ತಾಯಿಯ ಮಾತೇ ಕಣ್ಣು. ನಿಮ್ಮಲ್ಲಿ ದಾದಿಯರಾಗಿರುವವರು ಇದನ್ನು ಚೆನ್ನಾಗಿ ಬಲ್ಲಿರಿ.

ಆದುದರಿಂದ, ಪ್ರಿಯ ಪೂರ್ವವಿದ್ಯಾರ್ಥಿನಿಯರೇ, ತಾಯ್ತಂದೆಗಳೇ, ತಕ್ಕ ಶಬ್ದವು ತೋಚದಿದ್ದಲ್ಲಿ ಊಹಿಸಬೇಡಿರಿ. ಚರ್ಮ ಒಡೆದಿದೆಯೋ, ರಕ್ತ ಬಂದಿದೆಯೋ, ಎಲ್ಲಿ ಊದಿದೆಯೋ ಅದನ್ನೇ ಸರಳವಾಗಿ ತಿಳಿಸಿರಿ. ಮಕ್ಕಳಿಗೂ ಹಾಗೆಯೇ ಹೇಳಲು ಕಲಿಸಿರಿ.