ಹರಾಜಿಗೆ ಬಂದ ಕಲ್ಲು

ಯಾದಗಿರಿಯ ಗಂಜಿನಲ್ಲಿ ತೊಗರಿ, ಹತ್ತಿ, ಶೇಂಗಾ ಹರಾಜಾಗುವುದನ್ನು ಆ ಸೀಮೆಯ ವಿದ್ಯಾರ್ಥಿಗಳು ಬಲ್ಲರು. ಬೆಲೆಯನ್ನು ಬಾಯಿಂದ ಕೂಗಲಿ, ಗಣಕಯಂತ್ರದಲ್ಲಿ ನಮೂದಿಸಲಿ, ಕೊಳ್ಳುವವನು ಮಾಡುವ ಕೆಲಸ ಒಂದೇ. ಚೀಲದಿಂದ ಒಂದು ಹಿಡಿ ಕಾಳನ್ನು ತೆಗೆದು, ಅದರ ಗಾತ್ರ, ತೇವ, ಕಸಕಡ್ಡಿಗಳನ್ನು ನೋಡಿ, ನಿನ್ನೆಯ ಧಾರಣೆಯನ್ನು ನೆನೆದು, ಇಂದು ಎಷ್ಟು ಕೊಡಬಹುದೆಂದು ನಿಶ್ಚಯಿಸುತ್ತಾನೆ. ಒಂದು ಚೀಲದ ತೊಗರಿಗೂ ಅದೇ ದರ್ಜೆಯ ಇನ್ನೊಂದು ಚೀಲದ ತೊಗರಿಗೂ ಹೆಚ್ಚಿನ ಭೇದವಿರುವುದಿಲ್ಲ. ಆದುದರಿಂದ ಅವನು ಬಹಳವಾಗಿ ಮೋಸಹೋಗುವ ಸಂಭವವೂ ಕಡಿಮೆ.

ಲಂಡನ್, ಜಿನೀವಾ, ನ್ಯೂಯಾರ್ಕ್ ಮೊದಲಾದ ನಗರಗಳಲ್ಲಿ ಇನ್ನೊಂದು ಬಗೆಯ ಹರಾಜು ನಡೆಯುತ್ತದೆ. ಅಲ್ಲಿ ಮಾರಾಟಕ್ಕೆ ಬರುವುವು ಹರಳುಗಟ್ಟಿದ ಖನಿಜಗಳು, ರತ್ನಗಳು, ಹಳೆಯ ಮನೆತನಗಳ ಚಿತ್ರಗಳು ಮತ್ತು ಒಡವೆಗಳು. ಜೀವಮಾನವೆಲ್ಲ ಕಲ್ಲುಗಳನ್ನು ಕೂಡಿಸಿದ ಸಂಗ್ರಾಹಕನೊಬ್ಬನು ತೀರಿಕೊಂಡಾಗ ಅವನ ವಾರಸುದಾರರು ಸಂಗ್ರಹವನ್ನೆಲ್ಲ ಹರಾಜುಗಾರರಿಗೆ ಒಪ್ಪಿಸುವುದುಂಟು. ಅಂತರಜಾಲ ಬಂದ ಮೇಲೆ ಇಂಥ ಹರಾಜಿನಲ್ಲಿ ಮನೆಯಲ್ಲಿಯೇ ಕುಳಿತು ಸವಾಲು ಹಾಕಬಹುದಾಗಿದೆ. ಆದರೆ ಇಲ್ಲಿ ನಿನ್ನೆಯ ಧಾರಣೆ ಎಂಬುದಿಲ್ಲ. ಒಂದು ಹರಳಿನಂತೆ ಇನ್ನೊಂದು ಹರಳಿರುವುದಿಲ್ಲ. ಹೀಗಿರುವಾಗ ಕೊಳ್ಳುವವನು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕಾಗುತ್ತದೆ: ಇದು ಏನು? ಎಲ್ಲಿಯದು? ಎಷ್ಟಕ್ಕೆ ಕೊಳ್ಳಬಹುದು? ಕೊಳ್ಳುವ ಅಧಿಕಾರ ತನಗುಂಟೆ?

ಈ ಪ್ರಶ್ನೆಗಳಿಗೆ ಉದಾಹರಣೆಗಳನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಭೀಮಾ ಮತ್ತು ಕೃಷ್ಣಾ ನದಿಗಳ ಬದಿಯ ಯಾದಗಿರಿ, ಶಹಾಪುರ, ಸುರಪುರಗಳ ಸೀಮೆ ಭೂವಿಜ್ಞಾನಿಗೆ ಒಂದು ತೆರೆದ ಪುಸ್ತಕ. ಕೆಳಗೆ ಅತಿ ಪ್ರಾಚೀನವಾದ ಗ್ರಾನೈಟ್ ಮತ್ತು ಧಾರವಾಡ ಶಿಲೆಗಳು. ಅವುಗಳ ಮೇಲೆ ಭೀಮಾ ಶ್ರೇಣಿಯ ಸುಣ್ಣಕಲ್ಲು. ಅಲ್ಲಲ್ಲಿ ಇವೆಲ್ಲವನ್ನೂ ಮುಚ್ಚಿದ ದಖನಿನ ಲಾವಾ ಶಿಲೆ. ಅಲ್ಲದೆ ಈ ಸೀಮೆಯು 1948ರವರೆಗೆ ಹೈದರಾಬಾದಿನ ನಿಜಾಮರ ರಾಜ್ಯಕ್ಕೆ ಸೇರಿದ್ದಿತು. ನಿಜಾಮರ ರತ್ನಗಳಾದರೋ ಹರಾಜಿನ ಚರಿತ್ರೆಯಲ್ಲಿ ಪ್ರಸಿದ್ಧವಾದುವು.

ಇದು ಏನು?

ಕಣ್ಣಿಗೆ ಕಂಡ ಬಣ್ಣವನ್ನು ನಂಬಿ ಖನಿಜವನ್ನು ಹೆಸರಿಸುವುದು ಅಪಾಯಕರ. ಹಟ್ಟಿಯ ಗಣಿಯಲ್ಲಿ ಚಿನ್ನವಿರುವ ಬೆಣಚುಕಲ್ಲಿನೊಡನೆ ಹೊಳೆಯುವ ಹಳದಿಯ ಇನ್ನೊಂದು ಖನಿಜವೂ ಇರುತ್ತದೆ. ಅದು ಕಬ್ಬಿಣ ಮತ್ತು ಗಂಧಕ ಸೇರಿ ಆದ ಪೈರೈಟ್. ಮೆರುಗಿಲ್ಲದ ಬಿಳಿಯ ಪಿಂಗಾಣಿಯ ಮೇಲೆ ಉಜ್ಜಿದರೆ ಚಿನ್ನವು ಹಳದಿಯ ಗೆರೆಯನ್ನೂ ಪೈರೈಟ್ ಹಸುರುಗಪ್ಪಾದ ಗೆರೆಯನ್ನೂ ಬಿಡುತ್ತವೆ. ಭೀಮಾ ಶ್ರೇಣಿಯ ಸುಣ್ಣಕಲ್ಲಿನ ಮೇಲೆ ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲದ ಒಂದು ಹನಿ ಬಿದ್ದರೆ ನೊರೆ ಏಳುತ್ತದೆ. ಬೆಣಚುಕಲ್ಲಿನ ಮೇಲೆ ಏಳುವುದಿಲ್ಲ. ಮೋಸ್ ಎಂಬ ಜರ್ಮನ್ ವಿಜ್ಞಾನಿ 1812ರಲ್ಲಿ ರೂಪಿಸಿದ ಕಾಠಿಣ್ಯದ ಪಟ್ಟಿಯಲ್ಲಿ ಸುಣ್ಣಕಲ್ಲಿನ ಮುಖ್ಯ ಖನಿಜವಾದ ಕ್ಯಾಲ್ಸೈಟಿನ ಸ್ಥಾನ 3, ಬೆಣಚುಕಲ್ಲಿನದು 7, ವಜ್ರದ್ದು 10. ಹೆಚ್ಚು ಅಂಕದ ಖನಿಜವು ಕಡಿಮೆ ಅಂಕದ್ದನ್ನು ಗೀರುತ್ತದೆ.

ಆದರೆ ಹರಾಜಿಗಿಟ್ಟ ಮಾದರಿಯನ್ನು ಗೀರಲು, ಉಜ್ಜಲು, ಆಮ್ಲ ಹಾಕಲು ಯಾರೂ ಬಿಡುವುದಿಲ್ಲ. ಇಲ್ಲಿ ನೆರವಿಗೆ ಬರುವುದು ಆರ್ಕಿಮಿಡೀಸನ ನಿಯಮ. ಒಂದು ಕಲ್ಲು ಗಾಳಿಯಲ್ಲಿ 265 ಗ್ರಾಂ ತೂಗಿ, ನೀರಿನಲ್ಲಿ ಮುಳುಗಿಸಿ ತೂಗಿದಾಗ 165 ಗ್ರಾಂ ಆಯಿತೆನ್ನೋಣ. ಕಳೆದುಹೋದ ತೂಕ 100 ಗ್ರಾಂ. 265ನ್ನು 100ರಿಂದ ಭಾಗಿಸಿದರೆ ಬರುವ 2.65 ಆ ಕಲ್ಲಿನ ಸಾಪೇಕ್ಷ ಸಾಂದ್ರತೆ. ಇದು ಬೆಣಚುಕಲ್ಲಿನ ಅಂಕ. ಪೈರೈಟಿನದು ಸುಮಾರು 5. ಶುದ್ಧವಾದ ಚಿನ್ನದ್ದು 19.3. ಕಲ್ಲಿಗೆ ಗಾಯವಾಗದೆ ಇಷ್ಟು ತಿಳಿಯುತ್ತದೆ. ನೀರಿನಲ್ಲಿ ಕರಗುವ ಉಪ್ಪಿನ ಹರಳುಗಳಿಗೆ ಮಾತ್ರ ಈ ಪರೀಕ್ಷೆ ಸಲ್ಲದು.

ಒಂದೇ ಪರೀಕ್ಷೆಯನ್ನು ನೆಚ್ಚಿಕೊಳ್ಳಲೂ ಬಾರದು. ವಜ್ರದ ಸಾಪೇಕ್ಷ ಸಾಂದ್ರತೆ 3.52, ಬಣ್ಣವಿಲ್ಲದ ಪುಷ್ಯರಾಗದ್ದು ಕೂಡ ಸುಮಾರು 3.5. ತೂಕದಿಂದ ಇವೆರಡನ್ನೂ ಬೇರ್ಪಡಿಸುವುದು ಕಷ್ಟ. ಬೆಳಕನ್ನು ಬಾಗಿಸುವ ಗುಣವನ್ನು ಅಳೆದರೆ ಭೇದವು ಕೂಡಲೆ ಗೊತ್ತಾಗುತ್ತದೆ. ವಜ್ರದ ವಕ್ರೀಭವನಾಂಕ 2.42, ಪುಷ್ಯರಾಗದ್ದು 1.62ರ ಸುಮಾರು.

ಹೆಸರು ಸರಿಯಾಗಿದ್ದರೂ ಮಾದರಿಯು ಕೃತಕವಾಗಿರಬಹುದು. ದಖನಿನ ಲಾವಾ ಶಿಲೆಯ ಪೊಟರೆಗಳಲ್ಲಿ ಸ್ಟಿಲ್ಬೈಟ್, ಅಪೊಫಿಲೈಟ್ ಎಂಬ ಸುಂದರ ಹರಳುಗಳು ಬೆಳೆಯುತ್ತವೆ. ಪುಣೆ, ನಾಸಿಕ, ಜಳಗಾಂವಗಳ ಕಲ್ಲುಗಣಿಗಳಿಂದ ಹೊರಟ ಇಂಥ ಹರಳುಗಳು ಜಗತ್ತಿನ ಸಂಗ್ರಾಹಕರೆಲ್ಲರಿಗೂ ಪರಿಚಿತ. ಮುರಿದ ಹರಳನ್ನು ಅಂಟಿನಿಂದ ಕೂಡಿಸಿ ಅಖಂಡವೆಂದು ಮಾರುವವರೂ ಇದ್ದಾರೆ. ಅತಿನೇರಿಳೆ ದೀಪದ ಕೆಳಗೆ ಹಲವು ಬಗೆಯ ಅಂಟುಗಳು ಮಿನುಗಿ ತಮ್ಮ ಇರವನ್ನು ತೋರಿಸಿಕೊಡುತ್ತವೆ.

ಎಲ್ಲಿಯದು?

ಹರಳು ತಾನು ಏನೆಂಬುದನ್ನು ಪ್ರಯೋಗಶಾಲೆಯಲ್ಲಿ ಹೇಳೀತು. ಎಲ್ಲಿ ಹುಟ್ಟಿತೆಂಬುದನ್ನು ಎಷ್ಟೋ ವೇಳೆ ಹೇಳಲಾರದು. ವಜ್ರವೇ ಇದಕ್ಕೆ ಸಾಕ್ಷಿ. ಅದು ಬಹುಮಟ್ಟಿಗೆ ಶುದ್ಧವಾದ ಇಂಗಾಲ. ಬಿಡಿಯಾಗಿ ಸಿಕ್ಕ ಸಾಣೆಹಿಡಿದ ವಜ್ರವು ಆಫ್ರಿಕದ್ದೊ ಕೃಷ್ಣಾ ಕಣಿವೆಯದೊ ಎಂಬುದನ್ನು ಪರೀಕ್ಷೆಯಿಂದ ಖಚಿತವಾಗಿ ನಿರ್ಣಯಿಸುವ ವಿಧಾನವಿಲ್ಲ. ಅದರ ಹುಟ್ಟೂರಿಗೆ ಆಧಾರ ಕಾಗದಪತ್ರಗಳೇ.

ಯಾದಗಿರಿ ಜಿಲ್ಲೆಯ ದಕ್ಷಿಣದಲ್ಲಿ ಹರಿಯುವ ಕೃಷ್ಣೆಯು ಮುಂದೆ ಕೊಲ್ಲೂರು ಮೊದಲಾದ ಹಳೆಯ ವಜ್ರದ ಗಣಿಗಳ ಬದಿಯಿಂದ ಸಾಗುತ್ತದೆ. ಆ ವಜ್ರಗಳು ಗೋಲ್ಕೊಂಡದ ಪೇಟೆಯಲ್ಲಿ ಮಾರಾಟವಾಗುತ್ತಿದ್ದುದರಿಂದ ಅವಕ್ಕೆ ಗೋಲ್ಕೊಂಡದ ವಜ್ರಗಳೆಂಬ ಹೆಸರಾಯಿತು. ಇಂಥ ಒಂದು ಗುಲಾಬಿ ಬಣ್ಣದ ವಜ್ರ ನಿಜಾಮರ ವಶದಲ್ಲಿದ್ದಿತು. ಅದರ ತೂಕ 34.65 ಕ್ಯಾರಟ್. ಒಂದು ಕ್ಯಾರಟ್ ಎಂದರೆ 0.2 ಗ್ರಾಂ ಆದುದರಿಂದ ಇದು 7 ಗ್ರಾಮಿಗೂ ಸ್ವಲ್ಪ ಕಡಿಮೆ. 1960ರಲ್ಲಿ ಲಂಡನ್ನಿನ ಸಾದಬೀಸ್ ಹರಾಜಿನಲ್ಲಿ ಇದು 46,000 ಪೌಂಡುಗಳಿಗೆ ಮಾರಾಟವಾಯಿತು. ಬರೋಡೆಯ ರಾಜಕುಮಾರನ ಗೌರವಾರ್ಥವಾಗಿ ಇದಕ್ಕೆ 'ಪ್ರಿನ್ಸಿ' ಎಂದು ಹೆಸರಿಟ್ಟರು. 2013ರಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಅದೇ ಕಲ್ಲಿಗೆ ಬಂದ ಬೆಲೆ ಸುಮಾರು 3 ಕೋಟಿ 93 ಲಕ್ಷ ಡಾಲರು! ಬಣ್ಣ, ಗಾತ್ರ, ನಿರ್ಮಲತೆಗಳು ಈ ಬೆಲೆಗೆ ಕಾರಣವೆಂಬುದು ನಿಜ. ಅವುಗಳ ಜೊತೆಗೆ ಗೋಲ್ಕೊಂಡ, ನಿಜಾಮ, 1960ರ ಹರಾಜು ಎಂಬ ಕೊಂಡಿಗಳ ಸರಪಳಿಯೂ ಮಾರಾಟಕ್ಕೆ ಬಂದಿತ್ತೆಂಬುದನ್ನು ಮರೆಯಬಾರದು.

ರತ್ನಕ್ಕೆ ದಾಖಲೆಯು ಬೆಲೆಯನ್ನು ಕೊಟ್ಟರೆ ಸಾಮಾನ್ಯವಾದ ಕಲ್ಲಿಗೆ ಅದು ಅರ್ಥವನ್ನೇ ಕೊಡುತ್ತದೆ. ಸುರಪುರದ ಸೀಮೆಯ ಹುಣಸಗಿಯ ಬಳಿ ಇಸಾಂಪುರವೆಂಬ ಹಳ್ಳಿಯಿದೆ. ಪುಣೆಯ ಡೆಕ್ಕನ್ ಕಾಲೇಜಿನ ಪ್ರಾಧ್ಯಾಪಕ ಕೆ. ಪದ್ದಯ್ಯನವರು ಅಲ್ಲಿ ಉತ್ಖನನ ನಡೆಸಿ, ಆದಿಮಾನವನು ಸುಣ್ಣಕಲ್ಲಿನ ಚಪ್ಪಡಿಗಳನ್ನು ಒಡೆದು ಕೈಗೊಡಲಿಗಳನ್ನು ಮಾಡುತ್ತಿದ್ದ ನೆಲೆಯನ್ನು ಬಯಲಿಗೆ ತಂದರು. ಅಲ್ಲಿಯೇ ದೊರೆತ ಪ್ರಾಣಿಗಳ ಹಲ್ಲುಗಳನ್ನು ಪರೀಕ್ಷಿಸಿ ಆ ನೆಲೆಯು ಸುಮಾರು 12 ಲಕ್ಷ ವರ್ಷಗಳಷ್ಟು ಹಳೆಯದೆಂದು ಅಂದಾಜು ಮಾಡಲಾಗಿದೆ. ಕೊಡಲಿ ಮತ್ತು ಹಲ್ಲು ಒಂದೇ ಪದರದಲ್ಲಿದ್ದುವೆಂಬ ದಾಖಲೆಯಿರುವುದರಿಂದಲೇ ಒಂದರ ವಯಸ್ಸು ಇನ್ನೊಂದಕ್ಕೂ ಸಲ್ಲುತ್ತದೆ. ಅದೇ ಕೊಡಲಿಯನ್ನು ಯಾರಾದರೂ ಕಿತ್ತು ಮಾರಿದ್ದರೆ ಅದು ಮೊನಚಾದ ಸುಣ್ಣಕಲ್ಲಿನ ಒಂದು ತುಂಡು, ಅಷ್ಟೆ. ಕಳೆದುಹೋದ ಆ ಸಂಬಂಧವನ್ನು ಎಷ್ಟು ಹಣ ಕೊಟ್ಟರೂ ಮತ್ತೆ ಕೊಳ್ಳಲಾಗದು.

ಈ ಸತ್ಯವನ್ನು ಈ ಸೀಮೆಯಲ್ಲಿ ಬಹು ಹಿಂದೆಯೇ ಅರಿತವನೊಬ್ಬನಿದ್ದನು. ಸುರಪುರ ಸಂಸ್ಥಾನದ ಆಡಳಿತವನ್ನು 1853ರವರೆಗೆ ನೋಡಿಕೊಳ್ಳುತ್ತಿದ್ದ ಮೆಡೋಸ್ ಟೇಲರನು ಜೇವರ್ಗಿಯ ಬಳಿಯ ಪ್ರಾಚೀನ ಕಲ್ಲುಗೋರಿಗಳನ್ನು ಅಗೆಸಿದಾಗ ಒಳಗಿನ ಮಡಕೆಗಳನ್ನು ಎತ್ತಿಕೊಂಡು ಹೋಗುವುದರಲ್ಲಿ ತೃಪ್ತನಾಗಲಿಲ್ಲ. ಗೋರಿಯನ್ನು ಸೀಳಿದಂತೆ ನಕ್ಷೆ ಬರೆದು ಯಾವ ಪದರದಲ್ಲಿ ಯಾವುದಿದ್ದಿತೆಂಬುದನ್ನು ಗುರುತಿಸಿದನು. ಇಂದಿಗೂ ವಿದ್ವಾಂಸರು ಅವನನ್ನು ಸ್ಮರಿಸುವುದು ಆ ನಕ್ಷೆಗಳಿಗಾಗಿ.

ಎಷ್ಟಕ್ಕೆ?

ಮಾದರಿ ಸಾಚಾ ಎಂದು ತಿಳಿದ ಮೇಲೂ ಹರಾಜಿನಲ್ಲಿ ಒಂದು ಬಲೆಯುಂಟು. ಒಂದು ಹರಳಿನ ನಿಜವಾದ ಬೆಲೆ 10,000 ರೂಪಾಯಿ ಎಂದಿಟ್ಟುಕೊಳ್ಳೋಣ. ಯಾರಿಗೂ ಅದು ತಿಳಿಯದು. ಐದು ಮಂದಿ 7,000, 8,500, 10,000, 11,500, 13,000 ಎಂದು ಅಂದಾಜು ಮಾಡಿದ್ದಾರೆ. ಸರಾಸರಿ 10,000. ಎಂದರೆ ಗುಂಪಿನ ಅಂದಾಜು ಸರಿಯಾಗಿಯೇ ಇದೆ. ಆದರೆ ಹರಾಜಿನಲ್ಲಿ ಗೆಲ್ಲುವವನು ಗುಂಪಲ್ಲ, ಅತಿ ಹೆಚ್ಚು ಅಂದಾಜು ಮಾಡಿದವನು. ನಾಲ್ಕನೆಯವನು 11,500ಕ್ಕೆ ಹಿಂದೆಗೆದೊಡನೆ ಐದನೆಯವನಿಗೆ ಹರಳು ಸುಮಾರು ಅದೇ ಬೆಲೆಗೆ ದಕ್ಕುತ್ತದೆ. ಅವನು 1,500 ರೂಪಾಯಿ ಹೆಚ್ಚು ಕೊಟ್ಟಂತಾಯಿತು. ಇದನ್ನು ಅರ್ಥಶಾಸ್ತ್ರಜ್ಞರು 'ಗೆದ್ದವನ ಶಾಪ' ಎನ್ನುತ್ತಾರೆ.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಗಂಜಿನಲ್ಲಿ ಅಡತಿಯವನಿಗೆ ದಲಾಲಿ ಇರುವಂತೆ ಇಲ್ಲಿಯೂ ಹರಾಜು ಸಂಸ್ಥೆಗಳು ಕೊಳ್ಳುವವನಿಂದ ಶುಲ್ಕ ವಸೂಲು ಮಾಡುವ ರೂಢಿಯಿದೆ. ಅದು ಶೇಕಡಾ 20 ಎಂದಾದರೆ 11,500ಕ್ಕೆ 2,300 ಸೇರಿ 13,800 ಆಗುತ್ತದೆ. ಹೀಗೆ ಗೆದ್ದವನು ತನ್ನ ಸ್ವಂತ ಅಂದಾಜನ್ನೂ ಮೀರಿ ಹಣ ತೆತ್ತನು. ಸಾಗಣೆಯ ವೆಚ್ಚ, ತೆರಿಗೆಗಳು ಬೇರೆ. ಆದುದರಿಂದ ಕೊಡಬಹುದಾದ ಒಟ್ಟು ಮೊತ್ತವನ್ನು ಮೊದಲೇ ಬರೆದಿಟ್ಟುಕೊಂಡು, ಅದರಿಂದ ಈ ಖರ್ಚುಗಳನ್ನೆಲ್ಲ ಕಳೆದು, ಉಳಿದುದಕ್ಕೆ ತನ್ನ ಸವಾಲನ್ನು ನಿಲ್ಲಿಸುವುದೇ ಜಾಣತನ. ಎದುರಾಳಿ ಹಟ ಹಿಡಿದನೆಂದು ತಾನೂ ಹಟ ಹಿಡಿಯುವುದರಿಂದ ಲಾಭ ಮಾರುವವನಿಗೆ ಮಾತ್ರ.

ಕೊಳ್ಳಬಹುದೆ?

ಕೈಯಲ್ಲಿ ಹಣವಿದ್ದರೂ ಕೊಳ್ಳಲಾಗದ ವಸ್ತುಗಳಿವೆ. ಶಹಾಪುರದ ಸಮೀಪದ ಗೋಗಿಯಲ್ಲಿ ಸುಣ್ಣಕಲ್ಲು ಮತ್ತು ಗ್ರಾನೈಟುಗಳ ಬಿರುಕುಗಳಲ್ಲಿ ಯುರೇನಿಯಂ ಖನಿಜಗಳು ಪತ್ತೆಯಾಗಿವೆ. ದೇಶದ ಕಾಯಿದೆಯಂತೆ ಯುರೇನಿಯಂ ನಿಯಂತ್ರಿತ ವಸ್ತು. ಅದನ್ನು ಸಂಗ್ರಾಹಕರು ಮನಬಂದಂತೆ ಕೊಡುವುದು ಕೊಳ್ಳುವುದು ಸಲ್ಲದು. ಕಾಯಿದೆಯ ಮಾತಿರಲಿ, ಯುರೇನಿಯಂ ಖನಿಜವು ವಿಕಿರಣವನ್ನೂ ರೇಡಾನ್ ಅನಿಲವನ್ನೂ ಹೊರಸೂಸುವುದರಿಂದ ಅದನ್ನು ಮಲಗುವ ಕೋಣೆಯ ಕಪಾಟಿನಲ್ಲಿಡುವುದು ಆರೋಗ್ಯಕ್ಕೂ ಹಿತವಲ್ಲ.

ಇನ್ನು ಹಳೆಯ ವಸ್ತುಗಳು. ಚಿನ್ನದ ಲೇಪದಿಂದ ಬೆಳಗುವ ಸುರಪುರದ ಕಿರುಚಿತ್ರಗಳು ಇಂದು ದೇಶವಿದೇಶಗಳ ಸಂಗ್ರಹಗಳಲ್ಲಿವೆ. ಸಂಸ್ಥಾನದ ಕಾಲದ್ದೆಂದು ಹೇಳುವ ಚಿತ್ರವೊಂದು ಮಾರಾಟಕ್ಕೆ ಬಂದರೆ ಖನಿಜವಿಜ್ಞಾನವೇ ಅದರ ಪರೀಕ್ಷಕ. ಉದಾಹರಣೆಗೆ, ಟೈಟೇನಿಯಂ ಬಿಳಿ ಎಂಬ ವರ್ಣದ್ರವ್ಯವು ಪೇಟೆಗೆ ಬಂದುದು ಇಪ್ಪತ್ತನೆಯ ಶತಮಾನದ ಎರಡನೆಯ ದಶಕದ ಬಳಿಕ. 1840ರ ಚಿತ್ರವೆಂದು ಹೇಳುವುದರಲ್ಲಿ ಆ ಬಿಳಿ ಕಂಡುಬಂದರೆ ಚಿತ್ರವು ಹೊಸದು, ಇಲ್ಲವೆ ಈಚೆಗೆ ತಿದ್ದಿದ್ದು. ಚಿತ್ರವು ಸಾಚಾ ಆದರೆ ಕಾಯಿದೆಯ ಪ್ರಶ್ನೆ ಏಳುತ್ತದೆ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯಂತೆ 100 ವರ್ಷಕ್ಕೂ ಹಳೆಯದಾದ ಇಂಥ ವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅವುಗಳನ್ನು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಹೊಲ ಉಳುವಾಗ ದೊರೆತ ಶಿಲಾಯುಧವನ್ನಾಗಲಿ ನಾಣ್ಯವನ್ನಾಗಲಿ ಮಾರುವ ಯೋಚನೆಯನ್ನು ಬಿಟ್ಟು ಅಧಿಕಾರಿಗಳಿಗೆ ತಿಳಿಸುವುದೇ ಸರಿಯಾದ ಮಾರ್ಗ.

ಹರಾಜಿಗೆ ಹೋಗಲಿದ್ದ ಸಂಪತ್ತನ್ನು ನಾಡೇ ಕೊಂಡ ಉದಾಹರಣೆಯೂ ಇದೆ. ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು 1967ರಲ್ಲಿ ತೀರಿಕೊಂಡ ಮೇಲೆ ಅವರ ಒಡವೆಗಳನ್ನು ಮಾರುವ ಪ್ರಯತ್ನ ನಡೆಯಿತು. ನ್ಯಾಯಾಲಯದಲ್ಲಿ ದೀರ್ಘಕಾಲ ವ್ಯಾಜ್ಯ ನಡೆದು, ಕೊನೆಗೆ 1995ರಲ್ಲಿ ಭಾರತ ಸರಕಾರವು 173 ಒಡವೆಗಳನ್ನು 218 ಕೋಟಿ ರೂಪಾಯಿಗಳಿಗೆ ಕೊಂಡಿತು. ಅವುಗಳಲ್ಲಿ 184.75 ಕ್ಯಾರಟ್ ತೂಕದ ಜೇಕಬ್ ವಜ್ರವೂ ಒಂದು. ಇದು ಗೋಲ್ಕೊಂಡದ್ದಲ್ಲ, ದಕ್ಷಿಣ ಆಫ್ರಿಕದ್ದು. ನಿಜಾಮರ ಖಜಾನೆಯಲ್ಲಿದ್ದ ಮಾತ್ರಕ್ಕೆ ಅದು ಕೃಷ್ಣಾ ಕಣಿವೆಯ ಕಲ್ಲಾಗಲಿಲ್ಲ. ಎಲ್ಲಿ ದೊರೆಯಿತು, ಯಾರ ಬಳಿಯಿದ್ದಿತು ಎಂಬ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ಬರೆದಿಡಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ವಿದ್ಯಾರ್ಥಿಗಳು ಖನಿಜಸಂಗ್ರಹವನ್ನು ಹರಾಜಿನಿಂದ ಆರಂಭಿಸಬೇಕಾಗಿಲ್ಲ. ಜಮೀನಿನ ಒಡೆಯನ ಒಪ್ಪಿಗೆ ಪಡೆದು ಹೆಕ್ಕಿದ ಒಂದು ತುಂಡು ಗ್ರಾನೈಟ್, ಒಂದು ತುಂಡು ಭೀಮಾ ಸುಣ್ಣಕಲ್ಲು ಸಾಕು. ಪ್ರತಿಯೊಂದರ ಮೇಲೂ ಸಣ್ಣದೊಂದು ಅಂಕೆಯನ್ನು ಬರೆದು, ಅದೇ ಅಂಕೆಯ ಚೀಟಿಯಲ್ಲಿ ಖನಿಜದ ಅಥವಾ ಶಿಲೆಯ ಹೆಸರು, ದೊರೆತ ಊರು ಮತ್ತು ಸ್ಥಳ, ಸುತ್ತಲಿನ ಶಿಲೆ, ತಾರೀಖು, ಹೆಕ್ಕಿದವರ ಹೆಸರು ಇಷ್ಟನ್ನು ನಮೂದಿಸಬೇಕು. ಮುಂದೆ ಎಂದಾದರೂ ಹರಾಜಿನಲ್ಲಿ ಕೊಳ್ಳುವ ಸಂದರ್ಭ ಬಂದರೆ ಕಲ್ಲಿಗಿಂತ ಮೊದಲು ಅದರ ಚೀಟಿಯನ್ನು ಕೇಳಿ ನೋಡಬೇಕು. ಕೊಂಡ ಮೇಲೆ ಹಳೆಯ ಚೀಟಿಯನ್ನು ಬಿಸಾಡದೆ ತನ್ನದನ್ನು ಅದರ ಜೊತೆಗಿಡಬೇಕು. ಚೀಟಿಯಿಲ್ಲದೆ ಬಂದ ಕಲ್ಲು ಎಷ್ಟೇ ಚೆಲುವಾಗಿದ್ದರೂ ಅದಕ್ಕೆ ಅಲಂಕಾರದ ವಸ್ತುವಿಗೆ ಕೊಡುವಷ್ಟು ಬೆಲೆ ಕೊಟ್ಟರೆ ಸಾಕು.